ಮೂಲಪ್ರತಿಯ ಪ್ರಶ್ನೆ: ಹವ್ಯಾಸಿಗಳ ಟರ್ಮಿನಲ್ ಪ್ರೋಗ್ರಾಮುಗಳ ಪರೀಕ್ಷಾವಿಧಾನದ ವಿಮರ್ಶೆ

ಮೂಲಪ್ರತಿ ನಷ್ಟವಾಗಿ, ಅದರ ಪ್ರತಿಗಳು ಮಾತ್ರ ಉಳಿದಿರುವ ಗ್ರಂಥವೊಂದನ್ನು ಸಂಪಾದಿಸತಕ್ಕವನಿಗೆ ಯಾವ ಪಾಠವನ್ನು ಸ್ವೀಕರಿಸಬೇಕು, ಯಾವುದನ್ನು ಲಿಪಿಕಾರನ ಪ್ರಮಾದವೆಂದು ತಳ್ಳಿಹಾಕಬೇಕು ಎಂಬ ಪ್ರಶ್ನೆ ಎದುರಾಗುವುದು ವಿದಿತವೇ ಆಗಿದೆ. ಇದೇ ಪ್ರಶ್ನೆಯು ಗ್ರಂಥಗಳಿಗೆ ಸಂಬಂಧವೇ ಇಲ್ಲವೆಂದು ತೋರುವ ಒಂದು ಯಂತ್ರಕ್ಷೇತ್ರದಲ್ಲಿಯೂ ಎದ್ದಿದೆ. ಮೈಕ್ರೋಕಂಟ್ರೋಲರ್ ಎಂಬ, ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರುಗಳನ್ನು ಬಳಸಿಕೊಂಡು ಹವ್ಯಾಸಿಗಳು ೧೯೭೦ರ ದಶಕದ ವಿಡಿಯೋ ಟರ್ಮಿನಲುಗಳನ್ನು ಪುನಃ ರಚಿಸುತ್ತಿದ್ದಾರೆ. ರಚಿಸಿದ್ದು ಸರಿಯಾಗಿದೆಯೆ ಎಂದು ಪರೀಕ್ಷಿಸುತ್ತಲೂ ಇದ್ದಾರೆ. ಆ ಪರೀಕ್ಷೆಯು ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಯ ದೃಷ್ಟಿಯಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಟರ್ಮಿನಲ್ ಎಂಬುದರ ಕೆಲಸ ಸರಳವಾದದ್ದು. ಕಂಪ್ಯೂಟರಿನಿಂದ ತಂತಿಯ ಮೂಲಕ ಒಂದರ ಹಿಂದೊಂದು ಬರುವ ಸಂಖ್ಯೆಗಳನ್ನು, ಎಂದರೆ ಬೈಟುಗಳನ್ನು, ಅಕ್ಷರಗಳೆಂದು ಓದಿ ಪರದೆಯ ಮೇಲೆ ಬರೆಯುವುದು. ಕೀಲಿಮಣೆಯಲ್ಲಿ ಒತ್ತಿದ್ದನ್ನು ಹಿಂದಕ್ಕೆ ಕಳುಹಿಸುವುದು. ೧೯೬೩ರ ಎ.ಎಸ್.ಆರ್.-೩೩ ಟೆಲಿಟೈಪು ಇದನ್ನು ಕಾಗದದ ಮೇಲೆ ಮಾಡುತ್ತಿತ್ತು. ೧೯೭೩ರ ಸೆಪ್ಟೆಂಬರಿನ ರೇಡಿಯೋ-ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಡಾನ್ ಲ್ಯಾಂಕಾಸ್ಟರ್ ಅವರು ಪ್ರಕಟಿಸಿದ ಟಿವಿ ಟೈಪ್‌ರೈಟರ್, ಸಾಲಿಗೆ ೩೨ ಅಕ್ಷರಗಳಂತೆ ೧೬ ಸಾಲುಗಳನ್ನು ಮನೆಯ ಟೆಲಿವಿಷನ್ನಿನ ಮೇಲೆ ಮೂಡಿಸಿ, ಈ ಹವ್ಯಾಸಕ್ಕೆ ನಾಂದಿ ಹಾಡಿತು. ಆದರೆ ಇಂದಿನ ಹವ್ಯಾಸಿಗಳೆಲ್ಲರೂ ಮಾದರಿಯೆಂದು ಎದುರಿಗಿಟ್ಟುಕೊಳ್ಳುವುದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯವರು ೧೯೭೮ರಲ್ಲಿ ಹೊರತಂದ ವಿಟಿ-೧೦೦ ಎಂಬ ಟರ್ಮಿನಲನ್ನು. ಸಾಲಿಗೆ ೮೦ ಅಂಕಣಗಳು, ಒಟ್ಟು ೨೪ ಸಾಲುಗಳು, ಅಂದರೆ ೧೯೨೦ ಅಕ್ಷರಗಳು. ಹವ್ಯಾಸಿಗಳಲ್ಲಿ ಬಹುಪ್ರಚಾರದಲ್ಲಿರುವ ಎಟಿಮೆಗಾ-೩೨೮ ಮೈಕ್ರೋಕಂಟ್ರೋಲರಿನ ಸ್ಮೃತಿ ೨೦೪೮ ಬೈಟುಗಳಷ್ಟೇ ಆದ್ದರಿಂದ, ಆ ಒಂದು ಪರದೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮಿಕ್ಕ ಸಮಸ್ತ ಕಾರ್ಯಗಳಿಗೂ ಉಳಿಯುವುದು ೧೨೮ ಬೈಟುಗಳು! ಇ.ಎಸ್.ಪಿ.-೩೨, ೨೦೨೧ರಲ್ಲಿ ಬಂದ ರಾಸ್‌ಬೆರಿ ಪೈ ಪಿಕೋ ಮೊದಲಾದವು ಈ ಇಕ್ಕಟ್ಟನ್ನು ನೀಗಿವೆ. ಸ್ಮೃತಿಯ ಕೊರತೆ ನೀಗಿದ ಮೇಲೆ ಉಳಿದ ಪ್ರಶ್ನೆಯು ಪ್ರಾಮಾಣ್ಯದ್ದು.

ಟರ್ಮಿನಲಿಗೆ ಬರುವ ಬೈಟುಗಳೆಲ್ಲವೂ ಅಕ್ಷರಗಳಲ್ಲ. ೨೭ನೆಯ ಸಂಖ್ಯೆಯ 'ಎಸ್ಕೇಪ್' ಎಂಬ ಗುರುತಿನಿಂದ ಆರಂಭವಾಗುವ ಬೈಟುಗಳ ಗುಂಪು ಒಂದು ಆಜ್ಞೆ: ಪರದೆಯನ್ನು ಅಳಿಸು, ಕರ್ಸರನ್ನು ಇಂತಹ ಸಾಲಿನ ಇಂತಹ ಅಂಕಣಕ್ಕೆ ಒಯ್ಯಿ, ಮುಂದಿನ ಅಕ್ಷರಗಳನ್ನು ತಿರುವುಮುರುವಾದ ಬಣ್ಣದಲ್ಲಿ ಬರೆ, ಇತ್ಯಾದಿ. ಈ ಆಜ್ಞೆಗಳ ವ್ಯಾಕರಣವನ್ನು ಯೂರೋಪಿನ ಇ.ಸಿ.ಎಂ.ಎ.-೪೮ ಎಂಬ ಮಾನಕವು ೧೯೭೬ರಲ್ಲಿಯೂ ಅಮೆರಿಕದ ಎಕ್ಸ್-೩.೬೪ ಮಾನಕವು ೧೯೭೯ರಲ್ಲಿಯೂ ನಿರೂಪಿಸಿದವು. ಕಾಲಕ್ರಮವನ್ನು ವಾಚಕರು ಗಮನಿಸಬೇಕು. ಅಮೆರಿಕದ ಮಾನಕವು ಪ್ರಕಟವಾಗುವುದಕ್ಕೆ ಮೊದಲೇ ಆ ಯಂತ್ರವು ಪೇಟೆಯಲ್ಲಿತ್ತು. ಮಾನಕವನ್ನು ಓದಿ ಯಂತ್ರವನ್ನು ತಿಳಿಯಲು ಹೊರಡುವವನು ಶಾಸನವನ್ನು ಬಿಟ್ಟು ಧರ್ಮಶಾಸ್ತ್ರದಿಂದ ಒಂದು ಕಾಲದ ತೆರಿಗೆಯ ಪದ್ಧತಿಯನ್ನು ಊಹಿಸಲು ಹೊರಟವನಂತೆ ಆಗುತ್ತಾನೆ.

ಇದಕ್ಕೆ ಎಂಬತ್ತನೆಯ ಅಂಕಣದ ವಿಚಾರಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಸಾಲಿನ ಕಟ್ಟಕಡೆಯ ಅಂಕಣದಲ್ಲಿ ಒಂದು ಅಕ್ಷರವನ್ನು ಬರೆದಾಗ ಕರ್ಸರು ಎಲ್ಲಿಗೆ ಹೋಗಬೇಕು? ಮುಂದಿನ ಸಾಲಿನ ಆರಂಭಕ್ಕೆ ಹೋಗಬೇಕೆಂದು ಯಾರಿಗಾದರೂ ತೋಚುತ್ತದೆ. ಹವ್ಯಾಸಿಗಳ ಪ್ರೋಗ್ರಾಮುಗಳ ಮೊದಮೊದಲ ಆವೃತ್ತಿಗಳು ಸಾಮಾನ್ಯವಾಗಿ ಹಾಗೆಯೇ ಮಾಡುತ್ತವೆ. ವಿಟಿ-೧೦೦ ಹಾಗೆ ಮಾಡುತ್ತಿರಲಿಲ್ಲ. ಅಕ್ಷರವನ್ನು ಬರೆದು ಕರ್ಸರನ್ನು ಅಲ್ಲಿಯೇ, ಎಂಬತ್ತನೆಯ ಅಂಕಣದಲ್ಲಿಯೇ, ನಿಲ್ಲಿಸಿಕೊಂಡು, 'ಸಾಲು ತುಂಬಿದೆ' ಎಂದು ತನ್ನೊಳಗೆ ಒಂದು ಗುರುತು ಮಾಡಿಕೊಳ್ಳುತ್ತಿತ್ತು. ಇನ್ನೊಂದು ಅಕ್ಷರ ಬಂದರೆ ಆಗ ಮಾತ್ರ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಈ ವಿಳಂಬದ ಪ್ರಯೋಜನ ದೊಡ್ಡದು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಅಕ್ಷರವನ್ನು ಬರೆದರೂ ಪರದೆಯೆಲ್ಲ ಒಂದು ಸಾಲು ಮೇಲಕ್ಕೆ ಸರಿದುಹೋಗುವುದಿಲ್ಲ. ಸರಿಯಾಗಿ ೮೦ ಅಕ್ಷರಗಳ ಸಾಲಿನ ನಂತರ ಸಾಲುಮುರಿತದ ಗುರುತು ಬಂದರೆ ನಡುವೆ ಒಂದು ಖಾಲಿ ಸಾಲು ಹುಟ್ಟುವುದಿಲ್ಲ.

ಯುನಿಕ್ಸ್ ವ್ಯವಸ್ಥೆಯಲ್ಲಿ ಟರ್ಮಿನಲುಗಳ ಗುಣಲಕ್ಷಣಗಳನ್ನು ಪಟ್ಟಿಮಾಡಿಟ್ಟಿರುವ ಟರ್ಮ್‌ಇನ್ಫೋ ಎಂಬ ಕೋಶದಲ್ಲಿ ವಿಟಿ-೧೦೦ರ ಹೆಸರಿನ ಕೆಳಗೆ ಈ ವಿಚಿತ್ರ ಗುಣವೂ ದಾಖಲಾಗಿದೆ, ಮತ್ತು ಅದನ್ನು ನಂಬಿಕೊಂಡೇ ಸಂಪಾದಕ ಪ್ರೋಗ್ರಾಮುಗಳು ಪರದೆಯನ್ನು ಚಿತ್ರಿಸುತ್ತವೆ. ಆದುದರಿಂದ ತಾನು ವಿಟಿ-೧೦೦ ಎಂದು ಹೇಳಿಕೊಂಡು ಆ ಕ್ಷಣದಲ್ಲಿಯೇ ಕೆಳಗಿಳಿಯುವ ಟರ್ಮಿನಲು ವಚನಭಂಗ ಮಾಡಿದಂತೆ. ಆ 'ಸಾಲು ತುಂಬಿದೆ' ಎಂಬ ಗುರುತನ್ನು ಯಾವ ಯಾವ ಆಜ್ಞೆಗಳು ಅಳಿಸತಕ್ಕದ್ದು ಎಂಬ ವಿಷಯದಲ್ಲಂತೂ ಇಂದಿನ ಪ್ರತಿಗಳಲ್ಲಿ ಪಾಠಾಂತರಗಳು ಹೇರಳವಾಗಿವೆ. ಸಂಸ್ಥೆಯ ಒಳಬಳಕೆಗೆಂದು ಬರೆಯಲಾಗಿದ್ದ 'ಡೆಕ್ ಎಸ್.ಟಿ.ಡಿ. ೦೭೦' ಎಂಬ ನಿರೂಪಣಗ್ರಂಥವು ಈಗ ಓದಲು ದೊರೆಯುತ್ತಿದ್ದು, ಅಂತಿಮ ಅಂಕಣದ ಈ ಗುರುತನ್ನು ಅದು ವಿಚಾರಿಸುತ್ತದೆ. ಆದರೆ ಅದು ವಿಟಿ-೧೦೦ರ ನಂತರ ತನ್ನ ಟರ್ಮಿನಲುಗಳಿಗೆ ಏಕರೂಪತೆಯನ್ನು ತರಲು ಸಂಸ್ಥೆಯು ಹಾಕಿಕೊಂಡ ವಿಧಿಯಾದ್ದರಿಂದ, ಆ ಮೊದಲ ಯಂತ್ರದ ನಡವಳಿಕೆಗೆ ಅದನ್ನು ಪ್ರತ್ಯಕ್ಷಸಾಕ್ಷಿಯೆಂದು ಪರಿಗಣಿಸಲಾಗದು. ಮೂಲಯಂತ್ರದೊಳಗಿನ ರೋಮಿನ ಪ್ರತಿಯನ್ನು ತೆಗೆದು ಇಂದಿನ ಕಂಪ್ಯೂಟರಿನ ಅನುಕರಣದಲ್ಲಿ ನಡೆಸಿ ನೋಡುವುದು ಸಾಧ್ಯವಿದೆ. ವಿವಾದದ ಸ್ಥಳಗಳಲ್ಲಿ ನಿರ್ಣಾಯಕ ಸಾಕ್ಷ್ಯವು ಅಲ್ಲಿಯೇ ದೊರೆಯಬೇಕಲ್ಲದೆ ಮಾನಕದ ಪುಟಗಳಲ್ಲಿ ದೊರೆಯುವಂತಿಲ್ಲ.

ಹವ್ಯಾಸಿಗಳು ಸಾಮಾನ್ಯವಾಗಿ ಶರಣುಹೋಗುವ ಪರೀಕ್ಷೆ ವಿಟಿಟೆಸ್ಟ್ ಎಂಬ ಪ್ರೋಗ್ರಾಮು. ೧೯೮೦ರ ದಶಕದ ಆದಿಯಲ್ಲಿ ಸ್ವೀಡನ್ನಿನ ಪೆರ್ ಲಿಂಡ್‌ಬರ್ಗ್ ಅವರು ಇದನ್ನು ರಚಿಸಿದರು. ೧೯೯೬ರಿಂದ ಥಾಮಸ್ ಡಿಕಿ ಅವರು ಇದನ್ನು ಪೋಷಿಸಿ ಬೆಳೆಸುತ್ತ ಬಂದಿದ್ದಾರೆ. ಈ ಕೃತಿಯ ಯೋಗ್ಯತೆಯನ್ನು ಮುಕ್ತಕಂಠದಿಂದ ಒಪ್ಪಬೇಕು. ಇದನ್ನು ಬರೆದವರು ಮೂಲಯಂತ್ರವನ್ನು ಸೂಕ್ಷ್ಮವಾಗಿ ನೋಡಿದ್ದರೆಂಬುದಕ್ಕೆ ಹೆಜ್ಜೆಹೆಜ್ಜೆಗೂ ಗುರುತುಗಳಿವೆ. ಆಜ್ಞೆಯೊಂದರ ನಟ್ಟನಡುವೆ, ಎಸ್ಕೇಪಿಗೂ ಅದರ ಕೊನೆಯ ಅಕ್ಷರಕ್ಕೂ ಮಧ್ಯದಲ್ಲಿ, 'ಒಂದು ಅಂಕಣ ಹಿಂದಕ್ಕೆ ಹೋಗು' ಎಂಬ ಇನ್ನೊಂದು ಗುರುತು ಬಂದರೆ ವಿಟಿ-೧೦೦ ಆ ಗುರುತನ್ನು ಕೂಡಲೇ ಪಾಲಿಸಿ, ತುಂಡಾಗಿದ್ದ ಆಜ್ಞೆಯನ್ನು ಮುಂದುವರಿಸುತ್ತಿತ್ತು. ಮಾತಿನ ನಡುವೆ ಕೆಮ್ಮಿದವನು ಕೆಮ್ಮನ್ನು ಮುಗಿಸಿ ಅದೇ ವಾಕ್ಯವನ್ನು ಪೂರೈಸಿದ ಹಾಗೆ. ವಿಟಿಟೆಸ್ಟ್ ಇದನ್ನು ಪರೀಕ್ಷಿಸಲು ಒಂದೇ ರೀತಿಯಾಗಿ ಕಾಣಬೇಕಾದ ನಾಲ್ಕು ಸಾಲುಗಳನ್ನು ಬರೆಯುತ್ತದೆ. ಅವುಗಳಲ್ಲಿ ಒಂದು ಸಾಲು ಚೆಲ್ಲಾಪಿಲ್ಲಿಯಾದರೆ ಆಜ್ಞೆಗಳನ್ನು ಓದುವ ಭಾಗವನ್ನೇ ಮತ್ತೆ ಬರೆಯಬೇಕಾಗುತ್ತದೆ. ಸಂಖ್ಯೆಗಳ ಹಿಂದೆ ವ್ಯರ್ಥ ಸೊನ್ನೆಗಳನ್ನು ಜೋಡಿಸಿ ಕೊಡುವ ಪರೀಕ್ಷೆಯೂ ಇದೆ. ಮೂಲಯಂತ್ರದಲ್ಲಿದ್ದ ಪರಿಚಿತ ದೋಷಗಳಿಗೆಂದೇ ಒಂದು ಪ್ರತ್ಯೇಕ ಪ್ರಕರಣವನ್ನು ಇಟ್ಟಿರುವುದು ನನಗೆ ವಿಶೇಷವಾಗಿ ಮೆಚ್ಚುಗೆಯಾದ ಅಂಶ. ಮೂಲದ ತಪ್ಪನ್ನೂ ತಪ್ಪೆಂದೇ ದಾಖಲಿಸುವ ಸಂಪಾದಕನ ಪ್ರಾಮಾಣಿಕತೆ ಅಲ್ಲಿದೆ.

ಆದರೆ ಪರೀಕ್ಷೆಯ ಗುಣವೇ ಬೇರೆ, ಅದನ್ನು ಬಳಸುವವರ ಗುಣವೇ ಬೇರೆ. ವಿಟಿಟೆಸ್ಟಿನ ಮೊದಲ ಪರದೆಯಲ್ಲಿ ಅಂಚಿನ ಸುತ್ತಲೂ ನಕ್ಷತ್ರ ಮತ್ತು ಕೂಡುವ ಗುರುತುಗಳ ಚೌಕಟ್ಟು, ನಡುವೆ ಇಂಗ್ಲಿಷಿನ ಇ ಅಕ್ಷರಗಳ ಇನ್ನೊಂದು ಚೌಕಟ್ಟು ಬರಬೇಕು. ತಮ್ಮ ಪ್ರೋಗ್ರಾಮು ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂಬುದಕ್ಕೆ ಈ ಒಂದು ಪರದೆಯ ಛಾಯಾಚಿತ್ರವನ್ನೇ ಮುಂದಿಡುವ ಪದ್ಧತಿ ಬೆಳೆದಿದೆ. ಇದು ದಾನಶಾಸನದ ಮಂಗಳಶ್ಲೋಕವನ್ನು ಓದಿ, ದತ್ತಿಯಾದ ಭೂಮಿಯ ಎಲ್ಲೆಗಳನ್ನು ಓದದೆ ಬಿಟ್ಟಂತೆ. ಬರೆದವನೇ ಪರೀಕ್ಷಕನಾಗಿರುವುದು ಇನ್ನೊಂದು ಕೊರತೆ; ಏಕೆಂದರೆ ಇಲ್ಲಿ ಸರಿತಪ್ಪುಗಳನ್ನು ತೀರ್ಮಾನಿಸುವುದು ನೋಡುವವನ ಕಣ್ಣು. ನಂತರದ ಕಾಲದ ವಿಟಿ-೪೨೦ರಲ್ಲಿ ಪರದೆಯ ಒಂದು ಭಾಗದ ಅಕ್ಷರಗಳ ಮೊತ್ತವನ್ನು ಟರ್ಮಿನಲೇ ಲೆಕ್ಕಹಾಕಿ ಹಿಂದಿರುಗಿಸುವ ಆಜ್ಞೆಯೊಂದಿತ್ತು. ಈಗಿನ ಎಸ್ಕ್‌ಟೆಸ್ಟ್ ಎಂಬ ಪರೀಕ್ಷೆಯು ಅದನ್ನು ಉಪಯೋಗಿಸಿಕೊಂಡು ಕಣ್ಣಿನ ಕೆಲಸವನ್ನು ತಪ್ಪಿಸುತ್ತದೆ. ಆದರೂ ಅಲ್ಲಿ ಸಾಕ್ಷಿ ಹೇಳುವುದು ಆಪಾದಿತನೇ. ತನ್ನ ಸ್ಮೃತಿಯಲ್ಲಿ ಇರುವುದನ್ನು ಅದು ಹೇಳೀತೇ ಹೊರತು ಗಾಜಿನ ಮೇಲೆ ನಿಜವಾಗಿ ಏನು ಮೂಡಿದೆಯೆಂಬುದನ್ನು ಹೇಳಲಾರದು.

ಇದಕ್ಕಿಂತಲೂ ಗುರುತರವಾದ ಆಕ್ಷೇಪಣೆಯೊಂದಿದೆ. ವಿಟಿಟೆಸ್ಟ್ ಒಂದು ಪರದೆಯನ್ನು ಬರೆದ ಮೇಲೆ ಪರೀಕ್ಷಕನು ರಿಟರ್ನ್ ಕೀಲಿಯನ್ನು ಒತ್ತುವ ತನಕ ಕಾದು ನಿಲ್ಲುತ್ತದೆ. ಆದುದರಿಂದ ಅದು ಮುಖ್ಯವಾಗಿ ಅರ್ಥವನ್ನು ಪರೀಕ್ಷಿಸುತ್ತದೆ. ವೇಗವನ್ನು ಪರೀಕ್ಷಿಸುವುದು ಅತ್ಯಲ್ಪ. ಮೈಕ್ರೋಕಂಟ್ರೋಲರಿನ ಟರ್ಮಿನಲುಗಳಾದರೋ ಹೆಚ್ಚಾಗಿ ಮುಗ್ಗರಿಸುವುದು ವೇಗದಲ್ಲಿಯೇ. ಸೆಕೆಂಡಿಗೆ ೧,೧೫,೨೦೦ ಬಿಟ್ಟುಗಳ ವೇಗದಲ್ಲಿ ಸೆಕೆಂಡಿಗೆ ೧೧,೫೨೦ ಅಕ್ಷರಗಳು ಬರುತ್ತವೆ, ಎಂದರೆ ಪ್ರತಿಯೊಂದಕ್ಕೂ ದೊರೆಯುವ ಅವಕಾಶ ಸುಮಾರು ೮೭ ಮೈಕ್ರೋಸೆಕೆಂಡು. ಅಷ್ಟರಲ್ಲಿ ಪರದೆಗೆ ಚಿತ್ರವನ್ನು ಕಳುಹಿಸುವ ಭಾಗವು ಎರಡು ಮೂರು ಗೆರೆಗಳನ್ನು ಎಳೆದಿರಬೇಕು. ೬೪೦ಕ್ಕೆ ೪೮೦ ಚುಕ್ಕೆಗಳ ಏಕವರ್ಣದ ಚಿತ್ರಪಟವೆಂದರೆ ೩೮,೪೦೦ ಬೈಟುಗಳು. ಪರದೆಯನ್ನು ಒಂದು ಸಾಲು ಮೇಲಕ್ಕೆ ಸರಿಸುವಾಗ ಇವನ್ನು ಬಹುಮಟ್ಟಿಗೆ ಜರುಗಿಸಬೇಕು. ಈ ಕೆಲಸಕ್ಕೆ ೫ ಮಿಲಿಸೆಕೆಂಡು ಹಿಡಿಯಿತೆಂದೂ ಆ ಅವಧಿಯಲ್ಲಿ ಪ್ರೋಗ್ರಾಮು ಬೇರೆ ಯಾವುದಕ್ಕೂ ಕಿವಿಗೊಡದೆಂದೂ ಭಾವಿಸೋಣ. ಅಷ್ಟರಲ್ಲಿ ೫೭ ಅಕ್ಷರಗಳು ಬಂದಿರುತ್ತವೆ. ಪಿಕೋದ ಸೀರಿಯಲ್ ದ್ವಾರದಲ್ಲಿ ಕಾದಿರಲು ಸ್ಥಳವಿರುವುದು ೩೨ಕ್ಕೆ. ಮಿಕ್ಕವು ನಷ್ಟ.

ಈ ನಷ್ಟಕ್ಕೆ ಒಂದು ಲಕ್ಷಣವಿದೆ. ಮೊದಲು ಬಂದ ೩೨ ಅಕ್ಷರಗಳು ಸುರಕ್ಷಿತವಾಗಿರುವುದರಿಂದ, ಹೊಸ ಸಾಲಿನ ಆರಂಭವು ಸರಿಯಾಗಿಯೇ ಇದ್ದು, ಸುಮಾರು ಮೂವತ್ತಮೂರನೆಯ ಅಕ್ಷರದಿಂದ ಮುಂದೆ ಲೋಪ ಕಾಣುತ್ತದೆ, ಸಾಲುಸಾಲಿಗೂ ಅದೇ ಸ್ಥಾನದಲ್ಲಿ. ತಂತಿಯ ಎರಡು ತುದಿಗಳ ವೇಗ ಹೊಂದದಿದ್ದರೆ ಆಗುವ ಕೇಡು ಹೀಗಿರುವುದಿಲ್ಲ. ಎಟಿಮೆಗಾ-೩೨೮ನ್ನು ೧೬ ಮೆಗಾಹರ್ಟ್ಸ್ ಗಡಿಯಾರದಲ್ಲಿ ನಡೆಸಿ ೧,೧೫,೨೦೦ನ್ನು ಕೇಳಿದರೆ ಅದಕ್ಕೆ ಸಾಧ್ಯವಾಗುವ ಸಮೀಪದ ವೇಗ ೧,೧೭,೬೪೭, ಅಂದರೆ ಶೇಕಡ ೨.೧ರಷ್ಟು ಹೆಚ್ಚು. ಇನ್ನೊಂದು ತುದಿಯೂ ವಿರುದ್ಧ ದಿಕ್ಕಿನಲ್ಲಿ ಸ್ವಲ್ಪ ಜಾರಿದರೆ ಎಲ್ಲಿ ಬೇಕೆಂದರಲ್ಲಿ ಅಕ್ಷರಗಳು ಬೇರೆ ಅಕ್ಷರಗಳಾಗುತ್ತವೆ. ಮೊದಲನೆಯದು ಲೋಪ, ಎರಡನೆಯದು ವಿಕಾರ. ಓಲೆಗರಿಯನ್ನು ಹುಳು ತಿಂದದ್ದಕ್ಕೂ ಲಿಪಿಕಾರನು ತಪ್ಪು ಓದಿಕೊಂಡದ್ದಕ್ಕೂ ಭೇದವನ್ನರಿಯದವನು ಸಂಪಾದನೆಗೆ ಕೈಹಾಕಲಾಗದು. ಆದರೆ ಈ ಹವ್ಯಾಸದಲ್ಲಿ ಆ ಭೇದವನ್ನು ಮಾಡದೆಯೇ ದೋಷಗಳನ್ನು ವರದಿಮಾಡುವುದು ತೀರ ಸಾಮಾನ್ಯ. ಪರದೆಯನ್ನಳಿಸುವ ಆಜ್ಞೆಯಲ್ಲಿ ಎಸ್ಕೇಪ್ ಒಂದು ದಾರಿಯಲ್ಲಿ ಕಳೆದುಹೋದರೆ, ಉಳಿದ ಆವರಣಚಿಹ್ನೆಯೂ ಅಂಕಿಯೂ ಅಕ್ಷರವೂ ಪರದೆಯ ಮೇಲೆ ಹಾಗೆಯೇ ಮೂಡುತ್ತವೆ. ನೋಡಿದವರು 'ಈ ಪ್ರೋಗ್ರಾಮಿಗೆ ಆಜ್ಞೆ ಅರ್ಥವಾಗುವುದಿಲ್ಲ' ಎಂದು ಬರೆಯುತ್ತಾರೆ. ಬರೆದವನು ಅರ್ಥಮಾಡುವ ಭಾಗವನ್ನು ವಾರಗಟ್ಟಲೆ ಶೋಧಿಸುತ್ತಾನೆ. ದೋಷವು ಅಲ್ಲಿ ಇಲ್ಲವೇ ಇಲ್ಲ. ಬಂದ ಬೈಟುಗಳನ್ನು ಬಂದ ಹಾಗೆಯೇ ಬೇರೊಂದು ಕಡತದಲ್ಲಿ ಬರೆದಿಟ್ಟುಕೊಂಡು, ಅದೇ ಕಡತವನ್ನು ಮೊದಲು ನಿಧಾನವಾಗಿ, ಬಳಿಕ ಪೂರ್ಣವೇಗದಲ್ಲಿ, ಆಮೇಲೆ ೧೯೮೪ರಿಂದ ಬಳಕೆಯಲ್ಲಿರುವ ಎಕ್ಸ್‌ಟರ್ಮ್ ಮೊದಲಾದ ಇನ್ನೊಂದು ಟರ್ಮಿನಲಿಗೆ ಕೊಟ್ಟು ಹೋಲಿಸಿದರೆ ಅರ್ಧ ಗಂಟೆಯಲ್ಲಿ ಇತ್ಯರ್ಥವಾಗತಕ್ಕ ವಿಷಯವಿದು. ಮೂಲಬೈಟುಗಳನ್ನು ಲಗತ್ತಿಸದ ದೋಷವರದಿಯನ್ನು ಸ್ವೀಕರಿಸಲೇಬಾರದೆಂಬುದು ನನ್ನ ಅಭಿಪ್ರಾಯ; ಹವ್ಯಾಸದ ಕೆಲಸಕ್ಕೆ ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿದ್ದಾರೆ.

ರೇಖಾಚಿತ್ರಗಳ ವಿಷಯಕ್ಕೆ ಬಂದರೆ ಈ ಕಟ್ಟುನಿಟ್ಟಿನ ಅಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ಕೆಲವು ಹವ್ಯಾಸಿ ಟರ್ಮಿನಲುಗಳು ೧೯೭೨ರ ಟೆಕ್ಟ್ರಾನಿಕ್ಸ್-೪೦೧೦ರ ಚಿತ್ರಭಾಷೆಯನ್ನೂ ಅನುಕರಿಸುತ್ತವೆ. ಅಲ್ಲಿ ಒಂದು ಬಿಂದುವಿನ ಸ್ಥಾನವನ್ನು ಅಡ್ಡಕ್ಕೆ ಹತ್ತು ಬಿಟ್ಟು, ಲಂಬಕ್ಕೆ ಹತ್ತು ಬಿಟ್ಟುಗಳಂತೆ ಸೂಚಿಸಿ, ಐದೈದಾಗಿ ನಾಲ್ಕು ಬೈಟುಗಳಲ್ಲಿ ಕಳುಹಿಸಲಾಗುತ್ತದೆ. ಬದಲಾಗದ ಬೈಟುಗಳನ್ನು ಮತ್ತೆ ಕಳುಹಿಸಬೇಕಾಗಿಲ್ಲ. ಕೊನೆಯದು ಬಂದೊಡನೆ ಗೆರೆ ಬೀಳುತ್ತದೆ. ಈ ಮಿತವ್ಯಯದ ಫಲವಾಗಿ, ಲಂಬಸ್ಥಾನದ ಮೇಲ್ಭಾಗವನ್ನು ಹೇಳುವ ಒಂದು ಬೈಟು ಕಳೆದುಹೋದರೆ ಗೆರೆಯು ತಪ್ಪು ಬಿಂದುವಿಗೆ ಹೋಗಿ, ಮುಂದಿನ ಗೆರೆಯೂ ಆ ತಪ್ಪು ಬಿಂದುವಿನಿಂದಲೇ ಹೊರಡುತ್ತದೆ. ಆ ಬೈಟು ಪುನಃ ಬರುವವರೆಗೂ ಚಿತ್ರವೆಲ್ಲ ಕೆಳಗೋ ಮೇಲಕ್ಕೋ ಸರಿದುಬಿಡುತ್ತದೆ. ನೋಡುವವನಿಗೆ ಇದು ಗಣಿತದ ತಪ್ಪಿನಂತೆ ಕಾಣುತ್ತದೆ.

ಇನ್ನು ಹೆಸರಿನ ವಿಚಾರ. ಅನೇಕ ಪ್ರೋಗ್ರಾಮುಗಳು ತಮ್ಮನ್ನು 'ವಿಟಿ-೧೦೦' ಎಂದು ಕರೆದುಕೊಂಡು, ಅದೇ ಉಸಿರಿನಲ್ಲಿ ಬಣ್ಣಗಳನ್ನೂ ಸಾಲುಗಳನ್ನು ಸೇರಿಸುವ, ತೆಗೆಯುವ ಆಜ್ಞೆಗಳನ್ನೂ ಹೇಳಿಕೊಳ್ಳುತ್ತವೆ. ವಿಟಿ-೧೦೦ ಏಕವರ್ಣದ ಯಂತ್ರ. ಸಾಲುಗಳನ್ನು ಸೇರಿಸುವ ಶಕ್ತಿ ಬಂದದ್ದು ಅದರ ತಮ್ಮನಾದ ವಿಟಿ-೧೦೨ರಲ್ಲಿ. ಇದು ಕೇವಲ ಕಾಲವ್ಯತ್ಯಾಸದ ದೋಷವೆಂದು ನಕ್ಕು ಬಿಡುವ ಹಾಗಿಲ್ಲ, ಏಕೆಂದರೆ ಇನ್ನೊಂದು ತುದಿಯ ಕಂಪ್ಯೂಟರು ಆ ಹೆಸರನ್ನು ನೋಡಿಯೇ ಏನನ್ನು ಕಳುಹಿಸಬೇಕೆಂದು ತೀರ್ಮಾನಿಸುತ್ತದೆ. ಈಚೆಗೆ ಹವ್ಯಾಸಿಗಳು ತಮ್ಮ ಇತರ ಪ್ರೋಗ್ರಾಮುಗಳನ್ನು ಇಂತಹ ಟರ್ಮಿನಲುಗಳ ಮೇಲೆಯೇ ಪರೀಕ್ಷಿಸಿ ಬರೆಯುವುದೂ ಉಂಟು. ಪ್ರತಿಯ ತಪ್ಪನ್ನು ನೋಡಿ ಇನ್ನೊಂದು ಪ್ರತಿಯನ್ನು ತಿದ್ದಿ, ಬಳಿಕ ಎರಡೂ ಪ್ರತಿಗಳು ಒಮ್ಮತವಾಗಿವೆಯೆಂದು ಅದನ್ನೇ ಶುದ್ಧಪಾಠವೆಂದು ಸಾರುವ ಸಂಪಾದಕರನ್ನು ನಾವು ಕಂಡಿದ್ದೇವೆ.

ಒಂದು ಟರ್ಮಿನಲಿನ ನಿಜವಾದ ವಂಶವನ್ನು ಹೆಸರಿನಿಂದಲ್ಲದೆ ನಡವಳಿಕೆಯಿಂದ ಕಂಡುಹಿಡಿಯಲು ನಮ್ಮ ಭಾಷೆಯ ಹೆಸರೇ ಒಂದು ಉಪಯುಕ್ತವಾದ ಪರೀಕ್ಷೆ ಎಂಬುದು ಕುತೂಹಲಕರವಾಗಿದೆ. ಇಂದು ಬಳಕೆಯಲ್ಲಿರುವ ಯುಟಿಎಫ್-೮ ಸಂಕೇತಕ್ರಮದಲ್ಲಿ 'ಕನ್ನಡ' ಎಂಬ ಪದವು ಕ, ನ, ಹಲಂತದ ಗುರುತು, ನ, ಡ ಎಂಬ ಐದು ಘಟಕಗಳಾಗಿ, ಒಂದೊಂದಕ್ಕೆ ಮೂರರಂತೆ ೧೫ ಬೈಟುಗಳಾಗಿ ಬರುತ್ತದೆ. ಹಲಂತದ ಬೈಟುಗಳು ೨೨೪, ೧೭೯, ೧೪೧. ವಿಟಿ-೧೦೦ ಎಂಟನೆಯ ಬಿಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ೧೪೧ರಲ್ಲಿ ೧೨೮ನ್ನು ಕಳೆದರೆ ಉಳಿಯುವ ೧೩, ಸಾಲಿನ ಆರಂಭಕ್ಕೆ ಮರಳೆಂಬ ಆಜ್ಞೆ. ಎಂದರೆ ಪ್ರತಿಯೊಂದು ಒತ್ತಕ್ಷರದ ಬಳಿಯೂ ಕರ್ಸರು ಎಡ ಅಂಚಿಗೆ ಹಾರಿ, ಬರೆದದ್ದರ ಮೇಲೆಯೇ ಮತ್ತೆ ಬರೆಯುತ್ತದೆ. ೧೯೮೩ರ ವಿಟಿ-೨೨೦ಕ್ಕೆ ಎಂಟನೆಯ ಬಿಟ್ಟು ಅರ್ಥವುಳ್ಳದ್ದು. ಅಲ್ಲಿ ೧೪೧ ಎಂದರೆ ಒಂದು ಸಾಲು ಮೇಲಕ್ಕೆ ಏರು. ಒತ್ತಕ್ಷರವು ಕೆಳಗಿಳಿಯುವ ಬದಲು ಸಾಲನ್ನೇ ಮೇಲೇರಿಸುತ್ತದೆ! 'ಛ' ಅಕ್ಷರವಂತೂ ಇನ್ನೂ ಅಪಾಯಕರ. ಅದರ ಕೊನೆಯ ಬೈಟು ೧೫೫. ಅದು ವಿಟಿ-೧೦೦ಕ್ಕೆ ೨೭, ಸಾಕ್ಷಾತ್ ಎಸ್ಕೇಪ್; ವಿಟಿ-೨೨೦ಕ್ಕೂ ಅದು ಆಜ್ಞೆಯ ಆರಂಭವೇ. ಹಾಗಾಗಿ 'ಛ'ದ ನಂತರದ ಬೈಟುಗಳು ಎರಡರಲ್ಲಿಯೂ ಆಜ್ಞೆಯ ಹೊಟ್ಟೆಗೆ ಹೋಗುತ್ತವೆ. ಪರ್ಸನಲ್ ಕಂಪ್ಯೂಟರುಗಳ ೨೫೬ ಚಿಹ್ನೆಗಳ ಅಕ್ಷರಮಾಲೆಯನ್ನು ಇಟ್ಟುಕೊಂಡು ವಿಟಿ ಎಂದು ಹೆಸರು ಹೇಳುವ ಪ್ರೋಗ್ರಾಮು ಇವೆರಡನ್ನೂ ಮಾಡದೆ ೧೫ ವಿಚಿತ್ರ ಚಿಹ್ನೆಗಳನ್ನು ಸಾಲಾಗಿ ಬಿಡಿಸುತ್ತದೆ. ಯುಟಿಎಫ್-೮ ಬಲ್ಲ ಪ್ರೋಗ್ರಾಮು ಕನ್ನಡದ ಅಚ್ಚುಗಳಿಲ್ಲದಿದ್ದರೂ ಖಾಲಿ ಮನೆಗಳನ್ನಾದರೂ ತೋರಿಸುತ್ತದೆ. ಆಗ ಎಣಿಸಬೇಕಾದದ್ದು ಆ ಮನೆಗಳನ್ನು: ಹಲಂತಕ್ಕೆ ಪ್ರತ್ಯೇಕ ಅಂಕಣವಿಲ್ಲವೆಂದು ಯುನಿಕ್ಸಿನ ಕಡೆಯ ಲೆಕ್ಕ, ಆದ್ದರಿಂದ ನಾಲ್ಕಿರಬೇಕು. ಐದಿದ್ದರೆ ಎರಡು ತುದಿಗಳ ಲೆಕ್ಕ ಒಂದು ಅಂಕಣದಷ್ಟು ಬೇರೆಯಾಗಿ, ಬರೆದದ್ದನ್ನು ಅಳಿಸುತ್ತ ಹಿಂದಕ್ಕೆ ಬಂದಾಗ ಒಂದು ಮನೆ ಅಳಿಯದೆ ಉಳಿಯುತ್ತದೆ. ವಿಟಿಟೆಸ್ಟಿನ ಮೊದಲ ಪರದೆಯ ಛಾಯಾಚಿತ್ರದಲ್ಲಿ ಈ ಎಲ್ಲ ವರ್ಗಗಳೂ ಒಂದೇ ರೀತಿ ಕಾಣುತ್ತವೆ.